ಹಾರ್ಡ್‌ವಿಕ್ ಹಾಲ್‌ಗೆ ಹೋಗುವವರು ಪೂರ್ತಿ ದಿನ ಇಟ್ಟುಕೊಳ್ಳಿ

ಇಂಗ್ಲೆಂಡಿನ ಡರ್ಬಿಶೈರ್‌ಗೆ ಹೋದವರು ಸಾಮಾನ್ಯವಾಗಿ ಚಾಟ್ಸ್‌ವರ್ತ್ ಅನ್ನುವ ದೊಡ್ಡ ಬಂಗಲೆ ನೋಡಿ, ಸಮಯ ಉಳಿದರೆ ಅಲ್ಲಿನ ಇನ್ನೊಂದು ಹಳೆಯ ಬಂಗಲೆ ಹಾರ್ಡ್‌ವಿಕ್ ಹಾಲ್‌ಗೆ ಹೋಗೋಣ ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡಕ್ಕೂ ಬೇರೆ ಬೇರೆ ದಿನ ಇಡಿ. ಒಂದಕ್ಕೇ ಹೋಗಲು ಆಗುವುದಾದರೆ ನಾನು ಹಾರ್ಡ್‌ವಿಕ್‌ಗೇ ಹೋಗಿ ಅಂತೀನಿ.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಚೆಸ್ಟರ್‌ಫೀಲ್ಡ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ 2 ಗಂಟೆ. ಅಲ್ಲಿಂದ ಟ್ಯಾಕ್ಸಿಯೇ ಸರಿ, ವಾಪಸ್ ಬರುವುದಕ್ಕೂ ಆಗಲೇ ಮಾತಾಡಿಕೊಳ್ಳಿ. ಕಾರಿದ್ದರೆ ಎಂ1 ಹೆದ್ದಾರಿಯ 29ನೇ ಜಂಕ್ಷನ್‌ನಲ್ಲಿ ಇಳಿದರೆ ಹತ್ತಿರ. ನಾಟಿಂಗ್‌ಹ್ಯಾಮ್, ಶೆಫೀಲ್ಡ್‌ನಲ್ಲಿ ನೆಂಟರಿದ್ದರೆ ಇನ್ನೂ ಸುಲಭ. ತೋಟ ಬೆಳಿಗ್ಗೆ ಬೇಗ ತೆಗೆದರೂ ಮನೆಯೊಳಗೆ ಬಿಡುವುದು ತಡವಾಗಿ, ಚಳಿಗಾಲದಲ್ಲಿ ಕೆಲವು ಕೋಣೆ ಮುಚ್ಚಿರಬಹುದು, ಹಾಗಾಗಿ ಈ ಮನೆಯನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವೆಬ್‌ಸೈಟ್ ನೋಡಿಯೇ ಹೊರಡಿ.

ಹೋಗುವ ಮೊದಲು ಈ ಮನೆ ಕಟ್ಟಿಸಿದ ಬೆಸ್ ಆಫ್ ಹಾರ್ಡ್‌ವಿಕ್ ಬಗ್ಗೆ ಸ್ವಲ್ಪ ತಿಳಿದುಕೊಂಡಿರಿ. ಈಕೆ ಇದೇ ಊರಿನ ಸಣ್ಣ ಜಮೀನ್ದಾರರ ಮಗಳು. ನಾಲ್ಕು ಮದುವೆ, ನಾಲ್ಕು ಸಲವೂ ವಿಧವೆ. ಎರಡನೆಯ ಗಂಡ ವಿಲಿಯಂ ಕ್ಯಾವೆಂಡಿಶ್ ಜೊತೆ ಚಾಟ್ಸ್‌ವರ್ತ್ ಕೊಂಡವಳೂ ಇವಳೇ. ನಾಲ್ಕನೆಯ ಗಂಡ ಶ್ರೂಸ್‌ಬರಿಯ ಅರ್ಲ್, ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ವರ್ಷಗಟ್ಟಲೆ ಕಾವಲಿನಲ್ಲಿಟ್ಟುಕೊಂಡಿದ್ದವನು, ಅವನ ಜೊತೆ ಸಂಬಂಧ ಪೂರ್ತಿ ಹಾಳಾಗಿತ್ತು. 1590ರಲ್ಲಿ ಅವನು ತೀರಿಕೊಂಡ. ಅದೇ ವರ್ಷ ಈ ಮನೆಯ ಕೆಲಸ ಶುರುವಾಯಿತು. 1597ರಲ್ಲಿ ಗೃಹಪ್ರವೇಶ ಆದಾಗ ಬೆಸ್‌ಗೆ ಎಪ್ಪತ್ತರ ಆಸುಪಾಸು! ನಕ್ಷೆ ರಾಬರ್ಟ್ ಸ್ಮಿತ್‌ಸನ್‌ದು. ಗೋಪುರಗಳ ತುದಿಯಲ್ಲಿ ಕಲ್ಲಿನಲ್ಲಿ ಕೊರೆದ ‘ಇ ಎಸ್’ ಅಕ್ಷರಗಳು ದೂರದಿಂದಲೇ ಕಾಣುತ್ತವೆ, ಎಲಿಜಬೆತ್ ಶ್ರೂಸ್‌ಬರಿ ಅಂತ ತನ್ನದೇ ಹೆಸರು (ಬೆಸ್ ಅನ್ನುವುದು ಎಲಿಜಬೆತ್‌ನ ಚಿಕ್ಕ ರೂಪ). ಆ ಕಾಲದಲ್ಲಿ ಒಬ್ಬ ಹೆಂಗಸು ಆಕಾಶದಲ್ಲಿ ತನ್ನ ಹೆಸರು ಬರೆಸಿದ್ದಾಳೆ, ಎಂಥ ಧೈರ್ಯ ಅಲ್ವಾ?

ಒಳಗೆ ಹೋದಮೇಲೆ ಕೆಳಗಿನ ಕೋಣೆಗಳಲ್ಲೇ ಹೊತ್ತು ಕಳೆಯಬೇಡಿ. ಮೇಲೆ ಹೋದಂತೆ ಚಾವಣಿಯೂ ಕಿಟಕಿಯೂ ಎತ್ತರವಾಗುತ್ತವೆ, ಮುಖ್ಯ ಕೋಣೆಗಳಿರುವುದು ತುತ್ತತುದಿಯ ಅಂತಸ್ತಿನಲ್ಲಿ. ಕಲ್ಲಿನ ಮೆಟ್ಟಿಲು ಉದ್ದಕ್ಕೆ ಹತ್ತಬೇಕು, ಮಂಡಿನೋವಿನ ಹಿರಿಯರಿದ್ದರೆ ಬಾಗಿಲಲ್ಲೇ ಸಿಬ್ಬಂದಿಯನ್ನು ಕೇಳಿ. ಹೈ ಗ್ರೇಟ್ ಚೇಂಬರ್‌ನ ಗೋಡೆಯ ಮೇಲ್ಭಾಗದಲ್ಲಿ ಬಣ್ಣದ ಗಾರೆಯಲ್ಲಿ ಮಾಡಿದ ಕಾಡು, ಪ್ರಾಣಿಗಳು, ಬೇಟೆಯ ದೇವತೆ ಡಯಾನಾ ಇದ್ದಾರೆ. ಪಕ್ಕದ ಲಾಂಗ್ ಗ್ಯಾಲರಿಯಲ್ಲಿ ಬೈಬಲ್‌ನ ಗಿಡಿಯನ್ ಕಥೆಯ 13 ಚಿತ್ರಗಂಬಳಿಗಳು, ಅಂದರೆ ಗೋಡೆಗೆ ತೂಗುಹಾಕುವ ನೇಯ್ದ ಚಿತ್ರಗಳು. 1592ರಲ್ಲಿ ಬೆಸ್ ಇವನ್ನು ಹ್ಯಾಟನ್ ಮನೆತನದಿಂದ ಕೊಂಡಳು, ಅವರ ಲಾಂಛನ ಮುಚ್ಚಿ ತನ್ನದು ಹಾಕಿಸುವ ಖರ್ಚಿಗೆ ಅಂತ 5 ಪೌಂಡ್ ಕಡಿಮೆಯೂ ಮಾಡಿಸಿದಳು. ಇವು ಮಾಸಬಾರದು ಅಂತ ಒಳಗೆ ಬೆಳಕು ಕಡಿಮೆ ಇಟ್ಟಿರುತ್ತಾರೆ. ಬಂದ ತಕ್ಷಣ ಏನೂ ಕಾಣಲಿಲ್ಲ ಅಂತ ಸುಮ್ನೆ ಮುಂದೆ ಹೋಗಬೇಡಿ, ಕಣ್ಣು ಹೊಂದಿಕೊಳ್ಳುವವರೆಗೆ ನಿಲ್ಲಿ.

ಮನೆಯ ಮುಂಭಾಗ ಪಶ್ಚಿಮಕ್ಕಿದೆ, ಅದಕ್ಕೇ ಹೊರಗಿನ ಫೋಟೋ ಸಂಜೆಗೆ ಇಟ್ಟುಕೊಳ್ಳಿ, ಆಗ ಆ ದೊಡ್ಡ ಗಾಜುಗಳೆಲ್ಲ ಹೊಳೆಯುತ್ತವೆ. ಪಕ್ಕದಲ್ಲೇ ಬೆಸ್ ಕಟ್ಟಿಸಿದ ಹಳೆಯ ಹಾಲ್ ಪಾಳುಬಿದ್ದಿದೆ. ಅದರ ಟಿಕೆಟ್ ವಿಷಯ ಕೌಂಟರ್‌ನಲ್ಲೇ ಕೇಳಿಕೊಳ್ಳಿ. ಗುಡ್ಡದ ಮೇಲೆ ಗಾಳಿ ಜಾಸ್ತಿ, ಸ್ವೆಟರ್ ಇರಲಿ.

ವಾಪಸ್ ಹೋಗುವಾಗ ರೈಲು ಡರ್ಬಿ ಮೇಲೆ ಹೋಗುವುದಾದರೆ ಅಲ್ಲಿ ಇಳಿದು ಕೆಥೆಡ್ರಲ್‌ಗೂ ಹೋಗಿ. 1608ರಲ್ಲಿ ತೀರಿಕೊಂಡ ಬೆಸ್‌ಳ ಸಮಾಧಿ ಅಲ್ಲೇ ಇದೆ, ಅದನ್ನೂ ಆಕೆ ಬದುಕಿದ್ದಾಗಲೇ ಮಾಡಿಸಿಟ್ಟಿದ್ದಳು.