ಪ್ರೊಜೆಕ್ಟರ್, ಬರ್ಮಾ ಅಕ್ಕಿ ಮತ್ತು ಹತ್ತನೇ ಬಿ

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಟೀಚರ್. ಹದಿನಾರು ವರ್ಷ ಆಯಿತು. ಎರಡನೇ ಮಹಾಯುದ್ಧದ ಪಾಠ ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಲ್ಲ. ಸರಿಯಾಗಿ ಮಾಡಿದ್ದು ಒಂದೇ ಸಲ ಇರಬೇಕು. ಅದಕ್ಕೆ ಮೊದಲು ಎರಡು ಸಲ ಚೆನ್ನಾಗಿ ಮುಗ್ಗರಿಸಿದ್ದೇನೆ. ಮುಗ್ಗರಿಸಿದ್ದನ್ನೇ ಮೊದಲು ಹೇಳುತ್ತೇನೆ.

2024ರ ಜುಲೈ. ಜೋರು ಮಳೆ. ಗಣಿತದ ಮಾಷ್ಟ್ರ ಹತ್ತಿರ ಬೇಡಿಕೊಂಡು ಅವರ ಪೀರಿಯಡ್ಡನ್ನೂ ಸೇರಿಸಿಕೊಂಡೆ. ಕಿಟಕಿಗೆ ಹಳೇ ಬೆಡ್‌ಶೀಟ್ ಕಟ್ಟಿಸಿದೆ. ಲೈಟ್ ಆಫ್ ಮಾಡಿ ಪ್ರೊಜೆಕ್ಟರಿನಲ್ಲಿ ಒಂದು ಯುದ್ಧದ ಡಾಕ್ಯುಮೆಂಟರಿ ಹಾಕಿದೆ, ಹೆಚ್ಚು ಕಡಿಮೆ ಐವತ್ತು ನಿಮಿಷದ್ದು. ನಾನೇ ಮೂರು ರಾತ್ರಿ ಕೂತು ಹುಡುಕಿ ಆರಿಸಿದ್ದು. ನನಗೆ ಅದು ಬಹಳ ಇಷ್ಟ, ನೋಡುವಾಗ ಕಣ್ಣಲ್ಲಿ ನೀರು ಬಂದಿತ್ತು. ಮಕ್ಕಳಿಗೂ ಬರುತ್ತದೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ವಿವರಣೆ ಇಂಗ್ಲಿಷಿನಲ್ಲಿ, ಮೇಲೆ ಹಂಚಿನ ಮಾಡಿಗೆ ಮಳೆ ಬಡಿಯುವ ಸದ್ದು, ಒಳಗೆ ಕತ್ತಲೆ, ಊಟ ಆದ ಮೇಲಿನ ಪೀರಿಯಡ್. ಇನ್ನೇನಾಗಬೇಕು ಹೇಳಿ? ಹಿಂದಿನ ಎರಡು ಬೆಂಚು ಪೂರ್ತಿ ನಿದ್ದೆ. ಮುಗಿದ ಮೇಲೆ ಲೈಟ್ ಹಾಕಿ, "ಏನು ಅನಿಸಿತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಬಹಳ ಪ್ರಾಮಾಣಿಕವಾಗಿ ಕೈ ಎತ್ತಿದ.

"ಟೀಚರ್, ಇದು ಒಂದನೇದಾ ಎರಡನೇದಾ?"

ಐವತ್ತು ನಿಮಿಷ ಆದ ಮೇಲೆ.

ಸ್ಟಾಫ್‌ರೂಮಿಗೆ ಬಂದು ಹೇಳಿಕೊಂಡೆ. ಎಲ್ಲರಿಗೂ ಬೇಕಿದ್ದ ವಿಷಯ ಸಿಕ್ಕ ಹಾಗಾಯಿತು. ಈಗಿನ ಮಕ್ಕಳಿಗೆ ಎಂತ ಗೊತ್ತುಂಟು, ರೀಲ್ಸ್ ಬಿಟ್ಟು? ಹಿಟ್ಲರ್ ಗೊತ್ತಿಲ್ಲ, ಗಾಂಧಿ ಗೊತ್ತಿಲ್ಲ, ಕಾರ್ಗಿಲ್ ಗೊತ್ತಿಲ್ಲ. ನಾನೂ ಜೋರಾಗಿ ತಲೆ ಆಡಿಸಿದೆ. ಆಗ ಚಾ ತಂದಿಟ್ಟ ಆಫೀಸಿನ ಅಕ್ಕ ಸುಮ್ನೆ ಕೇಳಿದರು, ಕಾರ್ಗಿಲ್ ಆದದ್ದು ಯಾವ ವರ್ಷ ಅಂತ. ಒಬ್ಬರು 98 ಅಂದರು, ಒಬ್ಬರು 2001. ಅದು 1999, ಮೇಯಿಂದ ಜುಲೈವರೆಗೆ. ಟಿವಿಯಲ್ಲಿ ದಿನಾ ನೋಡಿದ ಯುದ್ಧ, ನಮ್ಮ ಕಾಲದ್ದೇ. ಆದರೂ ಹೀಗೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ 1965 ಯಾವುದು 1971 ಯಾವುದು ಅಂತ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದು ನೆನಪಾಯಿತು. ಈ ಮಕ್ಕಳು ಹುಟ್ಟಿದ್ದೇ 2009ರಲ್ಲಿ. ಅವರಿಗೆ ಕಾರ್ಗಿಲ್ ಅಂದರೆ ಹುಟ್ಟುವ ಮೊದಲಿನ ಕಥೆ, ಹಿಟ್ಲರ್ ಮತ್ತು ಟಿಪ್ಪು ಸುಲ್ತಾನ್ ಇಬ್ಬರೂ ಒಂದೇ ಕಪಾಟಿನಲ್ಲಿ ಇದ್ದಾರೆ, ಕಪಾಟಿನ ಹೆಸರು "ಹಿಂದೆ".

ಮರುವಾರ ಎರಡನೇ ಪ್ರಯತ್ನ. ಈ ಸಲ ಐವತ್ತು ನಿಮಿಷ ಬೇಡ, ಐದು ನಿಮಿಷ ಸಾಕು ಅಂತ ಒಂದು ಕದನದ ತುಣುಕು ಹಾಕಿದೆ. ಟ್ಯಾಂಕು, ಹೊಗೆ, ಮೆಷಿನ್ ಗನ್ನಿನ ಸದ್ದು. ಸ್ಪೀಕರ್ ಜೋರಾಗಿ ಇಟ್ಟೆ. ಎಲ್ಲರೂ ಎದ್ದೇ ಇದ್ದರು. ನಾನು ಹುಮ್ಮಸ್ಸಿನಲ್ಲಿ, "ಕೇಳಿ, ಇದು ನಿಜವಾದ ಗುಂಡಿನ ಸದ್ದು" ಅಂದೆ.

ನಮ್ಮಲ್ಲಿ ಒಬ್ಬ ಹುಡುಗ ಇದ್ದ, ರಜೆಯಲ್ಲಿ ಮದುವೆ ವಿಡಿಯೋ ತೆಗೆಯುವವರ ಜೊತೆ ಹೋಗುತ್ತಿದ್ದವ. ಫೋನಿನಲ್ಲೇ ಎಡಿಟಿಂಗ್ ಮಾಡುತ್ತಾನೆ. ಅವ ಎದ್ದು ನಿಂತ. "ಟೀಚರ್, ಟ್ಯಾಂಕ್ ಅಷ್ಟು ದೂರ ಉಂಟು, ಸದ್ದು ಮಾತ್ರ ಕಿವಿಯ ಹತ್ತಿರ ಉಂಟು. ಆಗ ಕ್ಯಾಮೆರಾಕ್ಕೆ ಮೈಕ್ ಇತ್ತಾ?"

ಇತ್ತು ಅಂದೆ. ಯಾಕೆ ಹಾಗಂದೆ ಗೊತ್ತಿಲ್ಲ. ಟೀಚರಿಗೆ ಗೊತ್ತಿಲ್ಲ ಅನ್ನುವುದು ಅಷ್ಟು ಕಷ್ಟ.

ರಾತ್ರಿ ಓದಿ ನೋಡಿದೆ, ಹುಡುಗನೇ ಸರಿ. ಯುದ್ಧಭೂಮಿಯಲ್ಲಿ ಆಗ ತೆಗೆದ ಫಿಲ್ಮು ಹೆಚ್ಚಿನದ್ದು ಮೂಕ. ಕ್ಯಾಮೆರಾದವರು ಹಿಡಿದುಕೊಂಡು ಓಡುತ್ತಿದ್ದದ್ದು ಗಡಿಯಾರದ ಹಾಗೆ ಕೀಲಿ ಕೊಟ್ಟು ನಡೆಸುವ ಕ್ಯಾಮೆರಾ. ಅಮೆರಿಕದವರ ಐಮೋ ಅನ್ನುವ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಹಾಕುತ್ತಿದ್ದ ನೂರು ಅಡಿಯ ರೀಲು ಹೆಚ್ಚು ಕಡಿಮೆ ಒಂದು ನಿಮಿಷಕ್ಕೆ ಮುಗಿಯುತ್ತಿತ್ತು. ಅಂದರೆ ಗುಂಡು ಹಾರುವ ಜಾಗದಲ್ಲಿ ನಿಂತು ಒಂದು ನಿಮಿಷ ತೆಗೆದು, ರೀಲು ಬದಲಿಸಿ, ಮತ್ತೆ ಒಂದು ನಿಮಿಷ. ಬೂಟಿನ ಸದ್ದು, ಬಾಂಬಿನ ಸದ್ದು ಎಲ್ಲ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಓದುತ್ತಾ ಹೋದ ಹಾಗೆ ಇನ್ನೂ ಸಿಕ್ಕಿತು. ಒಂದನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ನಡೆದ ಸೊಮ್ ಕದನದ ಮೇಲೆ 1916ರಲ್ಲಿ ಬಂದ ಬ್ರಿಟಿಷ್ ಚಿತ್ರ, ಕದನ ಇನ್ನೂ ನಡೆಯುತ್ತಿರುವಾಗಲೇ ಬ್ರಿಟನ್ನಿನಲ್ಲಿ ಥಿಯೇಟರಿಗೆ ಬಂದದ್ದು, ಅದರಲ್ಲಿ ಸೈನಿಕರು ಕಂದಕದಿಂದ ಮೇಲೆ ಹತ್ತುವ ಪ್ರಸಿದ್ಧ ದೃಶ್ಯ ಇದೆಯಲ್ಲ, ಅದು ತರಬೇತಿ ಜಾಗದಲ್ಲಿ ಕ್ಯಾಮೆರಾಕ್ಕಾಗಿ ಮಾಡಿದ್ದು ಅಂತ ಇತಿಹಾಸಕಾರರು ಹೇಳುತ್ತಾರೆ. 1942ರ ನವೆಂಬರಿನಲ್ಲಿ ಸ್ಟಾಲಿನ್‌ಗ್ರಾಡಿನ ಹತ್ತಿರ ಜರ್ಮನರನ್ನು ಸುತ್ತುವರಿದ ಎರಡು ಸೋವಿಯತ್ ಪಡೆಗಳು ಒಂದನ್ನೊಂದು ಓಡಿ ಬಂದು ಅಪ್ಪಿಕೊಳ್ಳುವ ದೃಶ್ಯವನ್ನೂ ಆಮೇಲೆ ಮತ್ತೆ ಓಡಿಸಿ ತೆಗೆದದ್ದು. ಕದನ ಸುಳ್ಳಲ್ಲ, ಸತ್ತವರು ಸುಳ್ಳಲ್ಲ. ಆ ಓಟ ಮಾತ್ರ ಎರಡನೇ ಸಲದ್ದು. ನಮ್ಮ ಮದುವೆಗಳಲ್ಲಿ ಧಾರೆ ಆದ ಮೇಲೆ ಫೋಟೋದವರು ಹಾರ ಇನ್ನೊಮ್ಮೆ ಹಾಕಿಸುತ್ತಾರೆ, ಅಲ್ವಾ?

ಮರುದಿನ ಕ್ಲಾಸಿಗೆ ಹೋಗಿ, ನಿನ್ನೆ ನಾನು ಹೇಳಿದ್ದು ತಪ್ಪು, ಇವ ಹೇಳಿದ್ದು ಸರಿ ಅಂದೆ. ಇಡೀ ಬೆಂಚು ಅವನ ಬೆನ್ನಿಗೆ ಗುದ್ದಿತು. ನಂತರ ಅದೇ ತುಣುಕನ್ನು ಸದ್ದು ಪೂರ್ತಿ ತೆಗೆದು ಹಾಕಿದೆ, ನಡುನಡುವೆ ನಿಲ್ಲಿಸಿದೆ. ಕ್ಯಾಮೆರಾ ಹಿಡಿದವ ಎಲ್ಲಿ ನಿಂತಿದ್ದಾನೆ? ಇದು ಯಾರ ಕಡೆಯ ಕ್ಯಾಮೆರಾ? ಸೈನಿಕರು ಓಡಿ ಬರುವುದು ಎದುರಿನಿಂದ ಕಾಣುತ್ತದಲ್ಲ, ಹಾಗಾದರೆ ಕ್ಯಾಮೆರಾ ಅವರಿಗಿಂತ ಮುಂದೆ, ಶತ್ರುವಿಗೆ ಬೆನ್ನು ಹಾಕಿ ನಿಂತಿತ್ತಾ? ಸದ್ದಿಲ್ಲದೆ ನೋಡಿದ ಆ ಐದು ನಿಮಿಷಕ್ಕೆ ಅರ್ಧ ಗಂಟೆ ಹಿಡಿಯಿತು, ಯಾರೂ ಮಲಗಲಿಲ್ಲ.

ಆದರೂ ಅದು ದೂರದ ಕಥೆಯೇ. ರಷ್ಯಾದ ಹಿಮ, ಫ್ರಾನ್ಸಿನ ಕೆಸರು. ನಮಗೂ ಅದಕ್ಕೂ ಏನು? ಹಾಗಾಗಿ ಒಂದು ಮನೆಕೆಲಸ ಕೊಟ್ಟೆ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಹತ್ತಿರ ಎರಡನೇ ಮಹಾಯುದ್ಧದ ಬಗ್ಗೆ ಕೇಳಿಕೊಂಡು ಬನ್ನಿ. ಮೂವತ್ತನಾಲ್ಕು ಮಕ್ಕಳಲ್ಲಿ ಮೂವತ್ತೊಂದು ಮಂದಿ ಬರೆದು ತಂದದ್ದು ಒಂದೇ ಸಾಲು, "ಗೊತ್ತಿಲ್ಲ ಅಂತ ಹೇಳಿದರು." ಇಬ್ಬರು ಗೂಗಲ್ ನೋಡಿ ಬರೆದಿದ್ದರು. ಒಬ್ಬ ಪುಸ್ತಕವನ್ನೇ ತರಲಿಲ್ಲ.

ನನ್ನ ಅಜ್ಜಿ ನೆನಪಾದದ್ದು ಆಗ. ಅಜ್ಜಿಯೂ ನನ್ನ ಬಾಲ್ಯದಲ್ಲಿ ಯುದ್ಧ ಅನ್ನುವ ಮಾತನ್ನೇ ಆಡಿದವರಲ್ಲ. ಆದರೆ ತಟ್ಟೆಯಲ್ಲಿ ಅನ್ನ ಬಿಟ್ಟರೆ, "ಬರ್ಮಾ ಅಕ್ಕಿ ನಿಂತ ವರ್ಷ ನೀನು ಹುಟ್ಟಬೇಕಿತ್ತು" ಅಂತ ಬೈಯುತ್ತಿದ್ದರು. ಅದು ಎಂತ ಅಂತ ನಾನು ಒಂದು ಸಲವೂ ಕೇಳಲಿಲ್ಲ. ಸಮಾಜ ವಿಜ್ಞಾನ ಟೀಚರ್ ನೋಡಿ, ನಾನು.

ಪ್ರಶ್ನೆ ಬದಲಿಸಿದೆ. ಯುದ್ಧದ ಸುದ್ದಿ ಎತ್ತಬೇಡಿ. ಹೀಗೆ ಕೇಳಿ: ನೀವು ಸಣ್ಣವರಿದ್ದಾಗ ಅಕ್ಕಿ ಎಲ್ಲಿಂದ ಬರುತ್ತಿತ್ತು? ಅಕ್ಕಿ ಸಿಗದಿದ್ದರೆ ಎಂತ ತಿನ್ನುತ್ತಿದ್ದಿರಿ? ಚಿಮಿಣಿ ಎಣ್ಣೆ ಸಿಗುತ್ತಿತ್ತಾ? ಮನೆಯಿಂದ ಯಾರಾದರೂ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದರಾ, ವಾಪಸ್ ಬಂದರಾ?

ಸೋಮವಾರ ಬಂದ ಪುಸ್ತಕಗಳನ್ನು ಓದುತ್ತಾ ಊಟವೇ ಮರೆತೆ. ಮರಗೆಣಸು ಬೇಯಿಸಿ ತಿಂದದ್ದು. ಹಲಸಿನ ಬೀಜ ಮಣ್ಣಲ್ಲಿ ಹೂತಿಟ್ಟು ಮಳೆಗಾಲ ದಾಟಿಸಿದ್ದು. ರೇಷನ್ ಅಕ್ಕಿಯಲ್ಲಿ ಕಲ್ಲು. ಚಿಮಿಣಿ ಎಣ್ಣೆ ಇಲ್ಲದೆ ಹೊನ್ನೆಣ್ಣೆ ದೀಪ. ಬರ್ಮಾದ ರಂಗೂನಿಗೆ ಹೋದ ದೊಡ್ಡಪ್ಪ ಒಬ್ಬರು ಬಂದದ್ದು, ಇನ್ನೊಬ್ಬರು ಬಾರದೇ ಇದ್ದದ್ದು. ಹೆಚ್ಚಿನದು ಅಜ್ಜ ಅಜ್ಜಿಯರು ಅವರ ಅಪ್ಪ ಅಮ್ಮನಿಂದ ಕೇಳಿದ ಕಥೆ. ಆದರೆ ಒಬ್ಬ ಹುಡುಗಿಯ ಮನೆಯಲ್ಲಿ ಪಿಜ್ಜಿಯೇ, ಅಂದರೆ ಮುತ್ತಜ್ಜಿಯೇ ಇದ್ದರು, ತೊಂಬತ್ತಮೂರು ವರ್ಷ. ಕಿವಿ ಮಂದ, ನೆನಪು ಗಟ್ಟಿ. ಅವರು ತುಳುವಿನಲ್ಲಿ ಹೇಳಿದ್ದನ್ನು ಹುಡುಗಿ ಕನ್ನಡದಲ್ಲಿ ಎರಡು ಪುಟ ಬರೆದಿದ್ದಳು. ಅದರಲ್ಲಿ ಎಲ್ಲೂ ಯುದ್ಧ ಅನ್ನುವ ಶಬ್ದ ಇರಲಿಲ್ಲ.

ಮರುದಿನ ಬೋರ್ಡಿನಲ್ಲಿ ಬರೆದೆ. 1942ರ ಮಾರ್ಚ್, ರಂಗೂನ್ ಜಪಾನಿನ ಕೈಗೆ. ಮದ್ರಾಸ್ ಪ್ರಾಂತ್ಯಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ಅಲ್ಲಿಗೆ ನಿಂತಿತು. ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು, ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಕೆಳಗೆ 1943 ಅಂತ ದೊಡ್ಡದಾಗಿ ಬರೆದೆ. ಫೆಬ್ರವರಿಯಲ್ಲಿ ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನರ ಶರಣಾಗತಿ. ಮಾರ್ಚ್ 29ಕ್ಕೆ ಕಣ್ಣೂರು ಜೈಲಿನಲ್ಲಿ ಕಯ್ಯೂರಿನ ರೈತ ಹೋರಾಟದ ನಾಲ್ವರಿಗೆ ಗಲ್ಲು. ಅದೇ ವರ್ಷ ಬಂಗಾಳದ ಕ್ಷಾಮ, ಸತ್ತವರು ಸುಮಾರು ಮೂವತ್ತು ಲಕ್ಷ. ಕಯ್ಯೂರು ನಮ್ಮ ಜಿಲ್ಲೆಯದ್ದೇ, ಮಕ್ಕಳಿಗೆ ಕಯ್ಯೂರು ಗೊತ್ತು. ಮುಂದಿನ ಬೆಂಚಿನವಳು ಬೋರ್ಡನ್ನೇ ನೋಡುತ್ತಾ, "ಕಯ್ಯೂರು ಬೇರೆ ಪಾಠ ಅಲ್ವಾ ಟೀಚರ್?" ಅಂದಳು. ಬೇರೆ ಪಾಠ ಹೌದು. ಅದನ್ನು ಬೇರೆ ಮಾಡಿ ಕಲಿಸಿದ್ದು ಹದಿನಾರು ವರ್ಷ ನಾನೇ.

ಅದಾದ ಮೇಲೆ ಬರ್ಮಾದ್ದು ಮೂರು ನಿಮಿಷದ ಫಿಲ್ಮ್ ಹಾಕಿದೆ, ಸದ್ದಿಲ್ಲದೆ. ಹೊಗೆ ಏಳುವ ಊರು, ಗಾಡಿಗಳು, ತಲೆ ಮೇಲೆ ಗಂಟು ಹೊತ್ತು ನಡೆಯುವ ಜನ. 1942ರಲ್ಲಿ ಬರ್ಮಾದಿಂದ ಲಕ್ಷಗಟ್ಟಲೆ ಭಾರತೀಯರು ಹಾಗೆ ಹೊರಟು ಬಂದರು, ಬಹಳ ಮಂದಿ ಕಾಡಿನಲ್ಲಿ ನಡೆದೇ, ಸಾವಿರಾರು ಜನ ದಾರಿಯಲ್ಲೇ ಸತ್ತರು. ರಂಗೂನಿಗೆ ಹೋದ ದೊಡ್ಡಪ್ಪನ ಕಥೆ ಬರೆದಿದ್ದ ಹುಡುಗ ಎದ್ದು ಪರದೆಯ ಹತ್ತಿರವೇ ಹೋಗಿ ನಿಂತ. ಪ್ರೊಜೆಕ್ಟರಿನ ಬೆಳಕು ಅವನ ಶರ್ಟಿನ ಮೇಲೆ ಬಿತ್ತು, ಜನ ಅವನ ಬೆನ್ನ ಮೇಲೆ ನಡೆದು ಹೋದರು. ಕೂತುಕೋ ಅಂತ ಹೇಳಲು ಮನಸ್ಸಾಗಲಿಲ್ಲ.

ಇನ್ನೊಂದು ಹೇಳಲೇಬೇಕು. ನಮ್ಮ ಮಕ್ಕಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಲಯಾಳ ಶಬ್ದ "ಎಮಂಡನ್". ದೊಡ್ಡ ಹಲಸಿನಹಣ್ಣು ಕಂಡರೆ ಎಮಂಡನ್, ದೊಡ್ಡ ಲಾರಿ ಬಂದರೆ ಎಮಂಡನ್. ಅದು ಎಮ್ಡನ್ ಅನ್ನುವ ಜರ್ಮನ್ ಯುದ್ಧ ಹಡಗಿನಿಂದ ಬಂದದ್ದು ಅಂತ ಹೇಳುತ್ತಾರೆ. 1914ರ ಸೆಪ್ಟೆಂಬರ್ 22ರ ರಾತ್ರಿ ಆ ಹಡಗು ಮದ್ರಾಸ್ ಬಂದರಿಗೆ ಗುಂಡು ಹೊಡೆದು ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಮದ್ರಾಸೇ ಆಗ ನಮಗೂ ರಾಜಧಾನಿ. ನವೆಂಬರಿನಲ್ಲಿ ಕೊಕೊಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ ಹಡಗೊಂದು ಅದನ್ನು ಮುಗಿಸಿತು. ಇದನ್ನು ಹೇಳಿದ ದಿನ ಕ್ಲಾಸಿನಲ್ಲಿ ಎಂತ ಗಲಾಟೆ! ಒಂದನೇ ಮಹಾಯುದ್ಧ ಅವರ ನಾಲಿಗೆ ಮೇಲೆಯೇ ಕೂತಿತ್ತು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಈಚೆಗೆ ಗೊತ್ತಾದದ್ದು.

ಎಲ್ಲ ಸರಿ ಹೋಯಿತು ಅಂತ ಅಲ್ಲ. ಪರೀಕ್ಷೆಯಲ್ಲಿ, ಒಂದನೇ ಮಹಾಯುದ್ಧ ಮುಗಿದ ಮೇಲೆ ಆದ ವರ್ಸೇಲ್ಸ್ ಒಪ್ಪಂದವನ್ನು ಎರಡನೇ ಮಹಾಯುದ್ಧದ ಕೊನೆಗೆ ತಂದು ಹಾಕಿದವರು ಆರು ಮಂದಿ ಇದ್ದರು. ಪಾಠ ಮುಗಿಸಲು ನನಗೆ ಎಂಟು ಪೀರಿಯಡ್ ಜಾಸ್ತಿ ಬೇಕಾಯಿತು, ಅದನ್ನು ಭೂಗೋಳದಿಂದ ಕದ್ದೆ. ಎಲ್ಲ ಟೀಚರುಗಳೂ ಹೀಗೆ ಮಾಡಿ ಅಂತ ಹೇಳುವ ಧೈರ್ಯ ನನಗಿಲ್ಲ.

2025ರ ಮೇಯಲ್ಲಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ, ಗಡಿಯಲ್ಲಿ ಭಾರತ ಪಾಕಿಸ್ತಾನದ ಹೊಡೆದಾಟ ನಡೆದಿತ್ತು. ನಮ್ಮ ಸ್ಟಾಫ್ ಗ್ರೂಪಿನಲ್ಲಿ ರಾತ್ರಿ ಹೊತ್ತು ವಿಮಾನ ಹೊಡೆದುರುಳಿಸುವ ವಿಡಿಯೋ ಒಂದು ಬಂತು, ಕೆಳಗೆ ಸಾಲು ಸಾಲು ಕೈಮುಗಿಯುವ ಗುರುತು. ನಾನು ಅದನ್ನು ಆ ಎಡಿಟಿಂಗ್ ಹುಡುಗನಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಉತ್ತರ. "ಇದು ಆರ್ಮಾ 3 ಟೀಚರ್, ಗೇಮ್. ಕ್ಯಾಮೆರಾ ಹಿಡಿದವ ಎಲ್ಲಿ ನಿಂತಿದ್ದಾನೆ ನೋಡಿ, ಗಾಳಿಯಲ್ಲಿ." ಆ ದಿನಗಳಲ್ಲಿ ಅಂಥ ಗೇಮ್ ತುಣುಕುಗಳು ದೇಶ ಪೂರ್ತಿ ಓಡಾಡಿದ್ದವು. ಗ್ರೂಪಿನಲ್ಲಿ ಹಾಕಿದೆ. ಯಾರೂ ಏನೂ ಅನ್ನಲಿಲ್ಲ, ಕೈಮುಗಿಯುವುದು ಮಾತ್ರ ನಿಂತಿತು.

ಅದೇ ತಿಂಗಳ ಕೊನೆಗೆ ಪಿಜ್ಜಿಯ ಹುಡುಗಿ ಟಿ.ಸಿ. ತೆಗೆದುಕೊಂಡು ಹೋಗಲು ಬಂದಳು. ಬರ್ಮಾ ಫಿಲ್ಮನ್ನು ಅವಳು ಫೋನಿನಲ್ಲಿ ಮನೆಗೆ ಒಯ್ದು ಪಿಜ್ಜಿಗೆ ತೋರಿಸಿದ್ದಳಂತೆ. ಪಿಜ್ಜಿ ಕನ್ನಡಕ ಹಾಕಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿದು ಪೂರ್ತಿ ನೋಡಿದರಂತೆ, ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿದರಂತೆ. ಏನು ಹೇಳಿದರು ಅಂತ ನಾನು ಆಸೆಯಿಂದ ಕೇಳಿದೆ.

"ಅರಿ ಓಲುಂಡು? ಅಂತ ಕೇಳಿದರು ಟೀಚರ್," ಅಂದಳು. ಇದರಲ್ಲಿ ಅಕ್ಕಿ ಎಲ್ಲಿ ಉಂಟು ಅಂತ.