ಪಿಕಪ್‌ಗೆ ಹೊಸ ಬ್ರೇಕ್ ಪ್ಯಾಡ್, ಹೊಸ ಡಿಸ್ಕ್

ಮಲ್ಪೆ ಬಂದರಿನಿಂದ ಮೀನು ಹೇರಿಕೊಂಡು ಹಾಸನಕ್ಕೆ ಹೋಗಿ, ಮರಳುವಾಗ ತರಕಾರಿ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವ ನಮ್ಮ ಪಿಕಪ್‌ಗೆ ಈ ಬಾರಿ ಮುಂದಿನ ಬ್ರೇಕ್ ಪ್ಯಾಡ್‌ಗಳ ಜೊತೆಗೆ ಡಿಸ್ಕ್‌ಗಳನ್ನೂ (ಚಕ್ರದೊಂದಿಗೆ ತಿರುಗುವ, ಪ್ಯಾಡ್‌ಗಳು ಒತ್ತಿ ನಿಲ್ಲಿಸುವ ಲೋಹದ ತಟ್ಟೆಗಳನ್ನೂ) ಬದಲಿಸಿದೆ.

ಕಡಲ ಗಾಳಿಯೂ ಬಾಕ್ಸ್‌ಗಳಿಂದ ಸೋರುವ ಉಪ್ಪುನೀರೂ ಸೇರಿ ಹಳೆಯ ಡಿಸ್ಕ್‌ನ ಅಂಚಿನಲ್ಲಿ ಬೆರಳುಗುರು ಸಿಕ್ಕಿಕೊಳ್ಳುವಷ್ಟು ಎತ್ತರದ ತುಕ್ಕಿನ ಏಣು ಎದ್ದಿತ್ತು. ಆ ಏಣಿನ ಮೇಲೆ ದಪ್ಪ ಅಳೆಯುವ ವರ್ನಿಯರ್ ಇಟ್ಟರೆ ಸವೆದ ಡಿಸ್ಕ್ ಕೂಡ ದಪ್ಪವಾಗಿ ಕಾಣುತ್ತದೆ. ಆದ್ದರಿಂದ ಪ್ಯಾಡ್ ಉಜ್ಜುವ ಭಾಗವನ್ನೇ ಮೈಕ್ರೋಮೀಟರಿನಿಂದ ನಾಲ್ಕೈದು ಕಡೆ ಅಳೆದು, ಡಿಸ್ಕ್ ಮೇಲೆಯೇ ಅಚ್ಚಾಗಿರುವ ಕನಿಷ್ಠ ದಪ್ಪಕ್ಕೆ ಹೋಲಿಸಬೇಕು.

ಸೆರಾಮಿಕ್ ಪ್ಯಾಡ್‌ಗಳು ಹೆಚ್ಚು ಸದ್ದು ಮಾಡುವುದಿಲ್ಲ, ಧೂಳೂ ಕಡಿಮೆ. ಆದರೆ ಭಾರ ಹೊತ್ತು ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತುವ ವಾಹನಕ್ಕೆ, ಬಿಸಿಯನ್ನು ಚೆನ್ನಾಗಿ ತಡೆದುಕೊಳ್ಳುವ ಸೆಮಿ ಮೆಟಾಲಿಕ್ (ಲೋಹ ಬೆರೆತ) ಪ್ಯಾಡ್‌ಗಳೇ ಸೂಕ್ತವೆಂಬುದು ನನ್ನ ದೃಢ ಅಭಿಪ್ರಾಯ. (ಎಷ್ಟೇ ಒಳ್ಳೆಯ ಪ್ಯಾಡ್ ಇದ್ದರೂ ಘಾಟಿಯನ್ನು ಕೆಳ ಗೇರಿನಲ್ಲಿಯೇ ಇಳಿಯಬೇಕು.) ರಂಧ್ರ ಕೊರೆದ ಡಿಸ್ಕ್‌ಗಳು ನೋಡಲು ಚೆಂದ, ಆದರೆ ಹೊರೆಯ ಬಿಸಿಗೆ ಆ ರಂಧ್ರಗಳ ಸುತ್ತಲೇ ಬಿರುಕು ಮೂಡುವ ಸಾಧ್ಯತೆಯಿರುವುದರಿಂದ ನಾನು ಮೇಲ್ಮೈಯಲ್ಲಿ ರಂಧ್ರವಿಲ್ಲದ, ಒಳಗೆ ಮಾತ್ರ ಗಾಳಿಕಿಂಡಿಗಳುಳ್ಳ ಸಾದಾ ಡಿಸ್ಕ್‌ಗಳನ್ನು, ಅದರಲ್ಲಿಯೂ ತುಕ್ಕುನಿರೋಧಕ ಲೇಪನವಿರುವವನ್ನು ಆರಿಸಿದೆ.

ಜೋಡಿಸುವಾಗ ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗದ) ಪಿನ್‌ಗಳನ್ನು ಶುಚಿಗೊಳಿಸಿ, ಬ್ರೇಕ್‌ಗೆಂದೇ ಇರುವ ಗ್ರೀಸ್ ಹಚ್ಚಿಸಿಕೊಳ್ಳಿ. ಕರಾವಳಿಯಲ್ಲಿ ಆ ಪಿನ್‌ಗಳು ಬಿಗಿದುಕೊಂಡರೆ ಹೊಸ ಪ್ಯಾಡ್ ಒಂದೇ ಬದಿಯಲ್ಲಿ ಸವೆಯುತ್ತದೆ.