ಹೊಳೆ ದಾಟಿ ಬಂದ ದಿನ

ನಮ್ಮವ್ವನ ತವರು ತುಂಗಭದ್ರೆಯ ಆಚೆ ದಂಡೆ, ಹೂವಿನಹಡಗಲಿ ತಾಲೂಕು. ಕೊಟ್ಟದ್ದು ಈಚೆ ದಂಡೆಗೆ, ಗುತ್ತಲದ ಹತ್ತಿರದ ಒಂದು ಹಳ್ಳಿಗೆ. 19ನೇ ವಯಸ್ಸಿಗೆ ಹರಿಗೋಲಿನಲ್ಲಿ ಕೂತು ಹೊಳೆ ದಾಟಿ ಬಂದವಳು. ಆಮೇಲೆ ಅಪ್ಪನಿಗೆ ಹುಬ್ಬಳ್ಳಿಯಲ್ಲಿ ನೌಕರಿ ಆಯಿತು. ಊರಿನ ಮನೆ ಹೋಯಿತು, ಹೊಲ ಹೋಯಿತು. ಆ ಕಡೆ ಹೋಗುವ ನೆಪಗಳೂ ಒಂದೊಂದಾಗಿ ಹೋದವು. ಅವ್ವ ಮಾತ್ರ ಈಗಲೂ ಯಾವ ನೀರು ಕುಡಿದರೂ ಹೊಳೆ ನೀರಿನ ರುಚಿಯ ಜೊತೆ ಹೋಲಿಸುತ್ತಾಳೆ.

ನಾನು ಬಂದ ನೆಂಟರನ್ನೆಲ್ಲ ಹಂಪಿಗೆ, ಬಾದಾಮಿಗೆ, ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದೇನೆ. ಅವ್ವನ ಹೊಳೆ ದಂಡೆಯ ಗುಡಿಗಳನ್ನು ಒಂದು ಸಲವೂ ನೋಡಿರಲಿಲ್ಲ. ಅದು ಬಹಳ ದಿನದಿಂದ ಮನಸ್ಸಿಗೆ ಚುಚ್ಚುತ್ತಿತ್ತು. ಮೊನ್ನೆ ಸಂಕ್ರಾಂತಿ ಮುಗಿದ ವಾರ ಒಂದು ದಿನದ ಮಟ್ಟಿಗೆ ಕಾರು ಗೊತ್ತು ಮಾಡಿದೆ. ಆ ಸೀಮೆಯ ನಿವೃತ್ತ ಕನ್ನಡ ಮಾಸ್ತರೊಬ್ಬರು ಗೆಳತಿಯ ಮೂಲಕ ಪರಿಚಯವಾದರು. ಅವರಿಗೆ ಶಾಸನ ಓದುವ ಹುಚ್ಚು. ಕೇಳಿದವರಿಗೆ ಜೊತೆಗೆ ಬಂದು ತೋರಿಸುತ್ತಾರೆ. ಫೋನಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅವಸರ ಇಲ್ಲಲ್ಲ ತಂಗಿ?’

ಹುಬ್ಬಳ್ಳಿಯಿಂದ ಹಾವೇರಿಗೆ ಸುಮಾರು 75 ಕಿಲೋಮೀಟರ್. ಬಿಸಿಲೇರುವ ಮುಂಚೆ ಮುಟ್ಟಿದೆವು. ಪುರದ ಸಿದ್ಧೇಶ್ವರನ ಗುಡಿಗೆ ಹೋಗಿ ಕೈಮುಗಿದೆವು. ಸಾಮಾನ್ಯವಾಗಿ ಚಾಲುಕ್ಯರ ಗುಡಿಗಳು ಪೂರ್ವಕ್ಕೆ ಮುಖ ಮಾಡಿರುತ್ತವೆ, ಇದು ಪಶ್ಚಿಮಕ್ಕೆ. ಪೇಟೆಯಲ್ಲಿ ಅವ್ವ ಒಂದು ಸಣ್ಣ ಏಲಕ್ಕಿ ಹಾರ ಕೊಂಡಳು. ಯಾರಿಗೆ ಅಂತ ಕೇಳಿದರೆ ‘ಇರಲಿ’ ಅಂದಳು.

ಮಾಸ್ತರು ಅಲ್ಲೇ ಕಾರು ಹತ್ತಿದರು. ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ನೀರಿನ ಬಾಟಲಿ, ಒಂದು ನೋಟ್‌ಬುಕ್ಕು, ಕರವಸ್ತ್ರದಲ್ಲಿ ಸುತ್ತಿದ ಅಂಗೈಯಗಲದ ಕನ್ನಡಿ. ಕನ್ನಡಿ ಯಾಕೆ ಅಂತ ಆಗ ನಾನು ಕೇಳಲಿಲ್ಲ.

ಗುತ್ತಲದ ದಾರಿಯಲ್ಲಿ ಅಲ್ಲಲ್ಲಿ ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿದ್ದರು. ಕಾರು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತ ಹೋಯಿತು. ಮಾಸ್ತರು ಶುರು ಮಾಡಿದರು. ಈಗ ನಾವು ಬಸ್ಸಿನ ಬೋರ್ಡಿನಲ್ಲಿ ಓದುವ ಗುತ್ತಲ ಒಂದು ಕಾಲದಲ್ಲಿ ರಾಜಧಾನಿ. ಹೆಸರು ಗುತ್ತವೊಳಲು. ಪೊಳಲು ಅಂದರೆ ಹಳಗನ್ನಡದಲ್ಲಿ ಪಟ್ಟಣ. ಗುತ್ತರಸರು 12, 13ನೇ ಶತಮಾನದಲ್ಲಿ ಮೊದಲು ಕಲ್ಯಾಣದ ಚಾಲುಕ್ಯರ ಕೈಕೆಳಗೆ, ಆಮೇಲೆ ಸೇವುಣರ ಕೈಕೆಳಗೆ ಈ ಹೊಳೆಸಾಲನ್ನು ಆಳಿದವರು. ತಾವು ಚಂದ್ರಗುಪ್ತನ ವಂಶದವರು, ಉಜ್ಜಯಿನಿಯ ಒಡೆಯರು ಅಂತ ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ.

‘ಉಜ್ಜಯಿನಿ ಎಲ್ಲಿ, ಗುತ್ತಲ ಎಲ್ಲಿ!’ ಅಂದಳು ಅವ್ವ.

‘ಎಲ್ಲಿಂದ ಬಂದ್ವಿ ಅನ್ನೂದನ್ನ ಯಾರೂ ಬಿಡಂಗಿಲ್ಲ ನೋಡ್ರಿ ಅಕ್ಕಾರ,’ ಅಂದರು ಮಾಸ್ತರು. ‘ಈಗ ನಿಮಗ ಯಾವ ಊರು ಅಂತ ಕೇಳಿದ್ರ ಹುಬ್ಬಳ್ಳಿ ಅಂತೀರೇನು?’

ಅವ್ವ ನಕ್ಕಳು. ಅನ್ನುವುದಿಲ್ಲ, ಇವತ್ತಿಗೂ.

ಹರಳಹಳ್ಳಿಯ ಸೋಮೇಶ್ವರ ಗುಡಿಗೆ ಮೂರು ಗರ್ಭಗುಡಿ, ನಡುವೆ ಒಂದೇ ಸಭಾಮಂಟಪ. ಪಕ್ಕದಲ್ಲೇ ಹೊಳೆ. ನಾವು ಹೋದಾಗ ಇನ್ನಾರೂ ಇರಲಿಲ್ಲ. ಒಳಗೆ ಕಾಲಿಟ್ಟರೆ ತಂಪು. ಕಣ್ಣು ಹೊಂದಿಕೊಳ್ಳುವವರೆಗೂ ನಿಂತೆವು. ಆಮೇಲೆ ಕಂಬಗಳು ಒಂದೊಂದಾಗಿ ಕಾಣಿಸಿದವು. ಮೈಮೇಲೆ ಉಂಗುರ ಉಂಗುರವಾಗಿ ಗೆರೆ, ಒಂದು ಕಡೆ ಕೊಡದ ಹೊಟ್ಟೆಯ ಹಾಗೆ ಉಬ್ಬು, ಒಂದು ಕಡೆ ಬಳೆಯ ಹಾಗೆ ತೆಳುವು. ಅವ್ವ ಒಂದು ಕಂಬದ ಮೇಲೆ ಕೈಯಾಡಿಸಿದಳು.

‘ಕಡಗೋಲು ಮಾಡಿದಂಗ ಮಾಡ್ಯಾರಲ್ಲ!’

ಮಾಸ್ತರ ಮುಖ ಅರಳಿತು. ಅದೇ ಸರಿಯಾದ ಮಾತು ಅಂದರು. ಕಡಗೋಲನ್ನು ಬಡಿಗ ತಿರುಗಣೆಗೆ ಹಾಕಿ ಕಡೆಯುವ ಹಾಗೆ ಈ ಕಂಬಗಳನ್ನೂ ತಿರುಗಿಸಿ ಕಡೆದಿದ್ದಾರೆ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಿಗೆ ಇಷ್ಟು ಸಣ್ಣ ಕೆಲಸ ಒಗ್ಗುವುದಿಲ್ಲ. 11ನೇ ಶತಮಾನದ ಹೊತ್ತಿಗೆ ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ತಿರುಗಿಕೊಂಡರು. ನೆಲದಿಂದ ತೆಗೆದಾಗ ಅದು ಮೆತ್ತಗೆ, ಉಳಿಗೆ ಸುಲಭವಾಗಿ ಸಿಗುತ್ತದೆ. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಉಜ್ಜಿದಷ್ಟೂ ಹೊಳಪು. ನಾನು ಬಗ್ಗಿ ನೋಡಿದೆ. ಬಾಗಿಲಿನ ಬೆಳಕು, ಅವ್ವನ ಹಸಿರು ಸೀರೆ, ಎರಡೂ ಕಂಬದಲ್ಲಿ ಉದ್ದಕ್ಕೆ ಎಳೆದ ಹಾಗೆ ಕಾಣುತ್ತಿದ್ದವು. ಅರಸರ ಹೆಸರು ಶಾಸನದಲ್ಲಿದೆ. ಈ ಕಂಬಕ್ಕೆ ಹೊಳಪು ಕೊಡಲು ದಿನಗಟ್ಟಲೆ ಉಜ್ಜಿದವನು ಯಾರೋ. ಅವನ ಕೈ ಸವೆದದ್ದೆಷ್ಟೋ.

ಊಟದ ಹೊತ್ತಿಗೆ ಗಳಗನಾಥ. ವರದಾ ಹೊಳೆ ಬಂದು ತುಂಗಭದ್ರೆಗೆ ಸೇರುವ ಜಾಗ. ತುಂಗೆ, ಭದ್ರೆ ಎರಡೂ ಕೂಡಲಿಯಲ್ಲಿ ಒಂದಾಗಿ ಬರುತ್ತವೆ. ವರದಾ ಸಾಗರದ ಕಡೆ ಹುಟ್ಟಿ ಬನವಾಸಿಯನ್ನು ಬಳಸಿಕೊಂಡು ಬರುತ್ತದೆ. ಮುಂದೆ ಹಂಪಿಯ ಬಂಡೆಗಳ ನಡುವೆ ಹಾಯುವುದು ಇದೇ ನೀರು. ಗಳಗೇಶ್ವರನ ಗುಡಿಯನ್ನು ಮೊದಲ ಸಲ ನೋಡಿದವರಿಗೆ ಬೆರಗಾಗುತ್ತದೆ. ಗರ್ಭಗುಡಿಯ ಸುತ್ತ ಬುಡದಲ್ಲಿ ದೊಡ್ಡ ಇಳಿಜಾರಿನ ಕಟ್ಟು, ರಾಶಿ ಒಟ್ಟಿದ ಹಾಗೆ ಅಗಲವಾಗಿ ಕೂತಿದೆ. ಹೊಳೆ ದಂಡೆಯ ನೆಲ, ಗೋಡೆ ಜರುಗದಿರಲಿ ಅಂತ ಕೊಟ್ಟ ಆಸರೆ ಎನ್ನುವವರಿದ್ದಾರೆ. ನನಗೆ ಅದು ಕಾಲು ಅಗಲಿಸಿ, ನೀರಿಗೆ ಹೆದರದೆ ನಿಂತ ಗಟ್ಟಿ ಮುದುಕನ ಹಾಗೆ ಕಂಡಿತು. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿ ಅವರು (1869–1942) ಗಳಗನಾಥ ಎಂದೇ ಹೆಸರಾಗಿದ್ದು ಈ ಊರಿನಿಂದ. ಅವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡದಲ್ಲಿ ಓದುವವರನ್ನು ಹಾಗೆ ಒಬ್ಬೊಬ್ಬರಾಗಿ ಹುಟ್ಟಿಸಿದರು ಅಂತ ಮಾಸ್ತರು ಹೇಳುವಾಗ ಅವರ ದನಿ ಸ್ವಲ್ಪ ಮೆತ್ತಗಾಯಿತು.

ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆ ಮೊಸರು. ಅವ್ವ ತಿನ್ನುತ್ತಾ ಆಚೆ ದಂಡೆಯನ್ನೇ ನೋಡುತ್ತಿದ್ದಳು.

‘ನಮ್ಮಪ್ಪ ಹೇಳ್ತಿದ್ದ, ಹೊಳಿ ದಾಟಿದ್ರ ಬ್ಯಾರೆ ಸರ್ಕಾರ ಅಂತ.’

ನಾನು ಇದನ್ನು ಚಿಕ್ಕಂದಿನಿಂದ ಕೇಳಿದ್ದೆ, ಸುಮ್ನೆ ಹೇಳುವ ಮಾತು ಅಂದುಕೊಂಡಿದ್ದೆ. ಮಾಸ್ತರು ಬಿಡಿಸಿ ಹೇಳಿದರು. ಆಚೆ ದಂಡೆಯ ಹಡಗಲಿ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಬಳ್ಳಾರಿ ಮದ್ರಾಸಿಗೆ. ಈಚೆ ದಂಡೆ ಆಗಿನ ಧಾರವಾಡ ಜಿಲ್ಲೆ, ಅದು ಮುಂಬಯಿಗೆ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಸೇರಿತು. ಈಚೆಯವರು 1956ರ ನವೆಂಬರ್ 1ರವರೆಗೆ ಕಾದರು. ಆಚೆ ಕರಣಂ, ಈಚೆ ಕುಲಕರ್ಣಿ. ಆಚೆ ತಹಶೀಲ್ದಾರ, ಈಚೆ ಮಾಮಲೇದಾರ. ಭಾಷೆ ಒಂದೇ, ದೇವರೂ ಒಂದೇ, ಬೀಗತನವೂ ಈ ದಂಡೆಗೂ ಆ ದಂಡೆಗೂ ನಡೆಯುತ್ತಿತ್ತು. ಕಾಗದ ಪತ್ರ ಮಾತ್ರ ಎರಡು ದಿಕ್ಕಿಗೆ ಹೋಗುತ್ತಿತ್ತು. ಈ ನೀರಿನ ನಡುವೆ ಒಂದು ಗಡಿ ಇತ್ತು ಅಂತ ನನಗೆ ಅವತ್ತೇ ನಿಜವಾಗಿ ಅರ್ಥವಾದದ್ದು. ಅಜ್ಜ ಮಗಳ ಬಾಯಲ್ಲಿ ಬಿಟ್ಟುಹೋದ ಒಂದು ಸಾಲಿನಲ್ಲಿ ಅಷ್ಟೆಲ್ಲ ಇತ್ತು.

ಚೌಡದಾನಪುರ ಮುಟ್ಟಿದಾಗ ಬಿಸಿಲು ಓರೆಯಾಗಿತ್ತು. ಇದು ರಾಣೆಬೆನ್ನೂರು ತಾಲೂಕು. ಮುಕ್ತೇಶ್ವರನ ಗುಡಿ ದೊಡ್ಡದಲ್ಲ, ಒಂದೇ ಗರ್ಭಗುಡಿ. ಆದರೆ ಗೋಡೆಯಲ್ಲಿ ಒಂದು ಗೇಣು ಜಾಗವನ್ನೂ ಸುಮ್ಮನೆ ಬಿಟ್ಟಿಲ್ಲ. ಗೋಡೆಯಿಂದ ಶಿಖರದ ತುದಿಯವರೆಗೆ ಕಣ್ಣು ಹತ್ತುತ್ತಲೇ ಹೋಗುತ್ತದೆ. ನಾನು ನೋಡಿದ ಚಾಲುಕ್ಯ ಗುಡಿಗಳಲ್ಲಿ ಇಷ್ಟು ಅಳತೆಗೆ ಸರಿಯಾಗಿ ಕೂತದ್ದು ಇನ್ನೊಂದಿಲ್ಲ. ಇದು ನನ್ನ ಲೆಕ್ಕ, ಲಕ್ಕುಂಡಿಯವರು ಜಗಳಕ್ಕೆ ಬರಬಹುದು.

ಮಾಸ್ತರು ನಮ್ಮನ್ನು ಕರೆದೊಯ್ದದ್ದು ಆಳೆತ್ತರದ ಶಾಸನಗಳ ಹತ್ತಿರ. ದೂರದಿಂದ ನೋಡಿದರೆ ಬರೀ ಕಪ್ಪು ಚಪ್ಪಡಿ. ಆಗ ಅವರು ಕರವಸ್ತ್ರ ಬಿಚ್ಚಿ ಕನ್ನಡಿ ತೆಗೆದರು. ಬಿಸಿಲನ್ನು ಹಿಡಿದು ಕಲ್ಲಿನ ಮೇಲೆ ನೇರವಾಗಿ ಬಿಡಲಿಲ್ಲ, ಪಕ್ಕದಿಂದ, ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಬಿಟ್ಟರು. ಒಂದೊಂದು ಅಕ್ಷರದ ಕುಳಿಯಲ್ಲೂ ನೆರಳು ತುಂಬಿತು. ಇಲ್ಲದಿದ್ದ ಸಾಲುಗಳು ಎದ್ದು ನಿಂತವು. ದುಂಡು ದುಂಡಗಿನ ಅಕ್ಷರ, ಮುತ್ತು ಪೋಣಿಸಿದಂತೆ. ಸುಣ್ಣ, ವಿಭೂತಿ ಬಳಿದು ಓದುವವರನ್ನು ಕಂಡರೆ ಅವರಿಗೆ ಸಂಕಟ. ಕಲ್ಲು ಕೆಡುತ್ತದೆ. ಬೆಳಕಿನಿಂದ ಯಾವ ಕಲ್ಲೂ ಕೆಡುವುದಿಲ್ಲ ಅಂದರು.

ಅವ್ವ ಕಲಿತದ್ದು ನಾಲ್ಕನೇ ಇಯತ್ತೆ. ಅವಳು ಬೆರಳು ತಾಗಿಸದೆ, ಗಾಳಿಯಲ್ಲೇ ತೋರಿಸಿ, ‘ಇದು ಮ ಅಲ್ಲೇನ್ರಿ? ಇದು ನ?’ ಅಂದಳು. ಮಾಸ್ತರು ಹೌದೆಂದು ತಲೆಯಾಡಿಸಿದರು. ನೋಟ್‌ಬುಕ್ಕು ತೆಗೆದು ಈಗ ನಾವು ಬಿಟ್ಟುಬಿಟ್ಟ ‘ಱ’ ಬರೆದು ತೋರಿಸಿದರು. ಕೆರೆಗೆ ಆಗ ಕೆಱೆ ಅಂತ ಬರೆಯುತ್ತಿದ್ದರಂತೆ. ಸುಮಾರು 800 ವರ್ಷದ ಹಿಂದಿನ ಕನ್ನಡದಲ್ಲಿ ನಮ್ಮವ್ವ ಎರಡು ಅಕ್ಷರ ಓದಿದಳು. ನನಗೆ ಗಂಟಲು ಕಟ್ಟಿತು.

ಇಲ್ಲಿಯ ಶಾಸನಗಳಲ್ಲಿ ಗುತ್ತರಸರ ವಂಶ ಇದೆ, ಗುಡಿಗೆ ಕೊಟ್ಟ ದಾನಗಳ ಲೆಕ್ಕ ಇದೆ, ಮುಕ್ತಜೀಯರೆಂಬ ಶೈವ ಗುರುವಿನ ಮಾತಿದೆ. ಶಿವದೇವ ಎಂಬ ಶರಣ ಈ ಊರಿಗೆ ಬಂದ ದಿನವೂ ಇದೆ. ವಿದ್ವಾಂಸರು ಅದನ್ನು ಈಗಿನ ಲೆಕ್ಕಕ್ಕೆ ತಂದಿದ್ದಾರೆ: 1225ರ ಆಗಸ್ಟ್ 19. ಬಂದವನು ಇಲ್ಲೇ ಉಳಿದು ಇಲ್ಲೇ ತಪಸ್ಸಿನಲ್ಲಿ ಬಾಳಿದ.

‘ತಾರೀಖು ಹೆಂಗ ಗೊತ್ತಾತು?’ ಅವ್ವ ಕೇಳಿದಳು.

ಶಾಸನಗಳಲ್ಲಿ ಶಕ ವರ್ಷ, ಮಾಸ, ತಿಥಿ, ವಾರ ಕೊಟ್ಟಿರುತ್ತಾರೆ, ಅದನ್ನು ಪಂಚಾಂಗದಿಂದ ಲೆಕ್ಕ ಹಾಕಿ ತೆಗೆಯುತ್ತಾರೆ ಅಂತ ಮಾಸ್ತರು ಹೇಳಿದರು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು:

‘ನಾ ಬಂದದ್ದು ಭಾರತ ಹುಣ್ಣಿವಿ ಆಗಿ ಮೂರನೇ ದಿನ. ಸೋಮವಾರ. ಹೊತ್ತು ಮುಳುಗೂ ಮುಂದ.’

ಭಾರತ ಹುಣ್ಣಿಮೆ ಅಂದರೆ ಮಾಘ. ಅವಳಿಗೆ ಮದುವೆಯ ತಾರೀಖು ಗೊತ್ತಿಲ್ಲ, ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ. ಆದರೆ ಮಾಸ, ತಿಥಿ, ವಾರ ಎಲ್ಲ ಬಾಯಲ್ಲಿ. ಮಾಸ್ತರು ಕನ್ನಡಿ ಮಡಚಿಡುತ್ತಿದ್ದವರು ಹಾಗೇ ನಿಂತರು.

‘ಅಕ್ಕಾರ, ನೀವು ಶಾಸನ ಹೇಳಿದಂಗ ಹೇಳಿದ್ರಿ,’ ಅಂದರು. ನೋಟ್‌ಬುಕ್ಕಿನಲ್ಲಿ ಆ ಮಾತನ್ನು ಬರೆದುಕೊಂಡರು. ಮನೆಗೆ ಹೋಗಿ ಹಳೇ ಪಂಚಾಂಗ ನೋಡಿ ತಾರೀಖು ತೆಗೆದು ಕಳಿಸುತ್ತೇನೆ ಅಂದರು. ಮೂರು ದಿನಕ್ಕೆ ಕಳಿಸಿದರು ಕೂಡ.

ಹೊಳೆಯ ಅಂಚಿಗೆ ಇಳಿದರೆ ಅಂಬಿಗರ ಚೌಡಯ್ಯನ ಸಮಾಧಿ. 12ನೇ ಶತಮಾನದ ಶರಣ, ವೃತ್ತಿಯಿಂದ ಅಂಬಿಗ. ಉಳಿದ ವಚನಕಾರರಲ್ಲಿ ಹೆಚ್ಚಿನವರು ತಮ್ಮ ದೇವರ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರು. ಚೌಡಯ್ಯ ತನ್ನದೇ ಹೆಸರು ಇಟ್ಟ. ಅದನ್ನು ಸೊಕ್ಕು ಅನ್ನುವವರೂ ಉಂಟು. ದಿನವಿಡೀ ಊರಿನವರನ್ನು ದಡ ಮುಟ್ಟಿಸುವವನಿಗೆ ತನ್ನ ಮಾತಿಗೆ ತಾನೇ ಜಾಮೀನು ನಿಲ್ಲುವ ಧೈರ್ಯ ಇತ್ತು ಅಂತ ನನಗೆ ಅನ್ನಿಸುತ್ತದೆ. ಚೌಡಯ್ಯನಿಗೆ ದಾನ ಕೊಟ್ಟ ಊರಾದ್ದರಿಂದಲೇ ಇದು ಚೌಡದಾನಪುರ ಅಂತ ಊರವರು ಹೇಳುತ್ತಾರೆ. ಅವ್ವ ಚೀಲದಿಂದ ಏಲಕ್ಕಿ ಹಾರ ತೆಗೆದು ಸಮಾಧಿಗೆ ಇಟ್ಟಳು. ಬೆಳಿಗ್ಗೆ ‘ಇರಲಿ’ ಅಂದದ್ದು ಇದಕ್ಕೆ.

‘ಅಂಬಿಗರಿಗೆ ಆಗ ರೊಕ್ಕ ಎಲ್ಲಿ ಕೊಡ್ತಿದ್ವಿ? ಸುಗ್ಗಿಗೆ ಆಯ. ಜ್ವಾಳ ಅಳದು ಕೊಡೂದು. ನಾ ಬಂದ ದಿನದ್ದು ಕೊಟ್ಟಾರೋ ಇಲ್ಲೋ,’ ಅಂದಳು.

ಕೆಳಗೆ ಒಬ್ಬರು ಹರಿಗೋಲಿನಲ್ಲಿ ಬಲೆ ಬಿಡಿಸುತ್ತಿದ್ದರು. ಹಿಂದೆ ಬಿದಿರಿನ ಬುಟ್ಟಿಗೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಅವ್ವ ನನ್ನನ್ನು ಕೇಳದೆ ಅವರನ್ನೇ ಕೇಳಿದಳು, ‘ಏನಪಾ, ನಟ್ಟನಡುವಿನ ಮಟ ಕರಕೊಂಡು ಹೋಗ್ತಿಯೇನು?’ ಅವರು ಬಲೆ ಪಕ್ಕಕ್ಕಿಟ್ಟರು. ನನಗೆ ಭಯ, ಅವ್ವನ ಮೊಣಕಾಲು ನೋವು ಬೇರೆ. ಅವಳು ಸೀರೆಯ ನೆರಿಗೆ ಒಟ್ಟು ಮಾಡಿ, ಒಂದು ಕೈ ಅಂಚಿಗಿಟ್ಟು, ಸರಿಯಾಗಿ ನಡುವೆ ಕುಕ್ಕರಗಾಲಲ್ಲಿ ಕೂತಳು. ಹರಿಗೋಲು ಒಂದು ಚೂರೂ ವಾಲಲಿಲ್ಲ.

ನಡುನೀರಿಗೆ ಬಂದಾಗ ಹರಿಗೋಲು ಮೆಲ್ಲಗೆ ಒಂದು ಸುತ್ತು ತಿರುಗಿತು. ಮೊದಲು ಆಚೆ ದಂಡೆ ಕಂಡಿತು, ಆಮೇಲೆ ಈಚೆಯದು. ಮರಗಳ ಮೇಲೆ ಮುಕ್ತೇಶ್ವರನ ಶಿಖರ, ಅದರ ಹಿಂದೆ ಕೆಂಪು ಬಿಸಿಲು. ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದಳು.

‘ಬಂದ ದಿನ ಇದನ್ನ ನೋಡಿದ್ದೆ. ತಲಿ ಮ್ಯಾಲೆ ಸೆರಗಿತ್ತು, ಸಂದಿಯಾಗಿಂದ ಇಷ್ಟೇ ಕಂಡಿತ್ತು. ಯಾವ ಗುಡಿ ಅಂತ ಯಾರನ್ನ ಕೇಳಲಿ? ಹೊಸ ಊರು.’

ಹುಟ್ಟು ಹಾಕುತ್ತಿದ್ದವರು ಕೈ ನಿಲ್ಲಿಸಿದರು. ‘ಮುಕ್ತಪ್ಪನ ಗುಡಿರೀ, ಅವ್ವಾರ,’ ಅಂದರು.